ಬಾಸ್ಟನ್‌ಗೆ ಹೊರಟ ಮೈಸೂರಿನ ಅಪ್ಪ-ಅಮ್ಮಂದಿರಿಗೆ: ಕೆಂಪೆಲೆಯ ಕಾಲದ ಕಾಡುದಾರಿ

ರಜೆಗೆ ಮೈಸೂರಿಗೆ ಬಂದಾಗಲೆಲ್ಲ ಕುವೆಂಪುನಗರದ ನಮ್ಮ ಬೀದಿಯಲ್ಲಿ ಅಮೆರಿಕಕ್ಕೆ ಹೊರಟು ನಿಂತ ಒಂದಾದರೂ ಕುಟುಂಬ ಸಿಗುತ್ತದೆ. ಅವರು ಕೇಳುವುದೆಲ್ಲ ಬ್ಯಾಂಕ್ ಖಾತೆ, ಶಾಲೆ, ಬಾಡಿಗೆ ಮನೆ. ಮಕ್ಕಳ ಲಸಿಕೆ ದಾಖಲೆಗೆ ವೈದ್ಯರ ಸಹಿ ಹಾಕಿಸಿ ಇಟ್ಟುಕೊಳ್ಳಿ, ಉಳಿದದ್ದು ಹೋದ ಮೇಲೆ ತಾನಾಗಿ ಆಗುತ್ತದೆ. ಯಾರೂ ಕೇಳದಿದ್ದರೂ ನಾನು ಹೇಳುವುದು ಕಾಡಿನ ಬಗ್ಗೆ. ನಮ್ಮ ದಸರಾ ಹೊತ್ತಿಗೆ ಬಾಸ್ಟನ್ ಸುತ್ತಲಿನ ಮರಗಳು ಬಣ್ಣ ತಿರುಗುತ್ತವೆ. ಆಗ ಮನೆಯೊಳಗೆ ಕೂರಬೇಡಿ.

ಊರಿನ ಹತ್ತಿರವೇ ಇರುವ ಬ್ಲೂ ಹಿಲ್ಸ್‌ನಲ್ಲಿ ಅತಿ ಎತ್ತರದ ಗುಡ್ಡ 635 ಅಡಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ನಗು ಬರಬಹುದು. ಆದರೆ ಅಲ್ಲಿ ಮೆಟ್ಟಿಲಿಲ್ಲ, ಮಜ್ಜಿಗೆ ಮಾರುವವರಿಲ್ಲ, ದಾರಿ ಕೇಳೋಣವೆಂದರೆ ಎಷ್ಟೋ ಸಲ ಮನುಷ್ಯರೂ ಇರುವುದಿಲ್ಲ. ಮರದ ಕಾಂಡಕ್ಕೆ ಬಳಿದ ಬಣ್ಣದ ಪಟ್ಟಿಯೇ ದಾರಿ ತೋರಿಸುವುದು. ಎಲೆ ಉದುರಿ ನೆಲವೆಲ್ಲ ಮುಚ್ಚಿಹೋದಾಗ ಆ ಪಟ್ಟಿ ಬಿಟ್ಟರೆ ಗತಿಯಿಲ್ಲ. ಅದನ್ನು ಹುಡುಕುವ ಕೆಲಸ ಮಗುವಿಗೆ ಒಪ್ಪಿಸಿ. ನಿಮಗಿಂತ ಮೊದಲು ಅದಕ್ಕೇ ಕಾಣುತ್ತದೆ. ತಳ್ಳುಗಾಡಿ ಬೇರುಗಳ ಮೇಲೆ ಓಡದು, ಕೂಸನ್ನು ಬೆನ್ನಿಗೋ ಎದೆಗೋ ಕಟ್ಟಿಕೊಳ್ಳಿ. ಮಳೆ ಬಿದ್ದ ಮರುದಿನ ಆ ಎಲೆಗಳು ಪಾಚಿಗಟ್ಟಿದ ಕಲ್ಯಾಣಿಯ ಮೆಟ್ಟಿಲಿನಂತೆ ಜಾರುತ್ತವೆ.

ಇನ್ನು ಹೂವಿನ ಚಾಳಿ. ಬೆಳಗಿನ ವಾಕಿಂಗ್‌ಗೆ ಹೊರಟ ನಮ್ಮ ಹಿರಿಯರ ಕೈಯಲ್ಲಿ ಕೊಕ್ಕೆ ಕೋಲು, ಪ್ಲಾಸ್ಟಿಕ್ ಚೀಲ ಇರುತ್ತವಲ್ಲ, ಪಕ್ಕದವರ ಕಾಂಪೌಂಡಿನ ದಾಸವಾಳ ದೇವರಿಗೇ ತಾನೇ ಎಂಬ ಧೈರ್ಯ! ಅದನ್ನು ವಿಮಾನ ಹತ್ತಿಸಬೇಡಿ. ಅಲ್ಲಿನ ಉದ್ಯಾನಗಳಲ್ಲಿ ಗಿಡದಿಂದ ಏನನ್ನೂ ಕೀಳಬಾರದೆಂಬುದು ಸಾಮಾನ್ಯ ನಿಯಮ.

ನಿಯಮ ಮೀರಿದ್ದಕ್ಕೆ ನಮಗಾದ ಶಾಸ್ತಿಯನ್ನೂ ಹೇಳಿಬಿಡುತ್ತೇನೆ. ಗೊಂಬೆ ಹಬ್ಬಕ್ಕೆ ಅಲಂಕಾರ ಬೇಕೆಂದು ಮಗಳು ಕಾಡಿನಂಚಿನ ಬಳ್ಳಿಯಿಂದ ರಕ್ತಗೆಂಪಿನ ಎಲೆಗಳನ್ನು ಕಿತ್ತಳು. ಒಂದೇ ತೊಟ್ಟಿನಲ್ಲಿ ಮೂರು ಮೂರು ಎಲೆ, ನಡುವಿನದರ ಕಾಲು ಸ್ವಲ್ಪ ಉದ್ದ. ಎಷ್ಟು ಚೆನ್ನಾಗಿವೆ ಎಂದುಕೊಂಡು ನಾನೇ ಪಟ್ಟದ ಗೊಂಬೆಗಳ ಹಿಂದೆ ಜೋಡಿಸಿದೆ. ಅದು ಪಾಯ್ಸನ್ ಐವಿ, ಮೈಗೆ ತುರಿಕೆ ಹತ್ತಿಸುವ ಬಳ್ಳಿ. ಮುಟ್ಟಿದ ಕೂಡಲೇ ಏನೂ ಆಗುವುದಿಲ್ಲ, ಮೋಸ ಇರುವುದೇ ಅಲ್ಲಿ. ಮರುದಿನ ಮಗಳ ಮೊಣಕೈವರೆಗೆ ಗೀರು ಗೀರಾಗಿ ನೀರುಗುಳ್ಳೆ, ನನ್ನ ಬೆರಳ ಸಂದಿಯಲ್ಲಿ ಪ್ರಾಣ ಹೋಗುವಂಥ ತುರಿಕೆ. ಅಮ್ಮ ಫೋನಿನಲ್ಲಿ ದೃಷ್ಟಿ ತೆಗೆಯಲು ಹೇಳಿದರು. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದ್ದೂ ಆಯಿತು, ಉಪಯೋಗವಾಗಲಿಲ್ಲ. ಮಾವು, ಗೇರು ಈ ಬಳ್ಳಿಯ ದಾಯಾದಿಗಳೇ ಎಂದು ಆಮೇಲೆ ತಿಳಿಯಿತು. ಮಾವಿನಕಾಯಿಯ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಇದರ ಕುಲ ಗೊತ್ತಿರಬೇಕಿತ್ತು! ಮುಟ್ಟಿದೆವೆಂದು ಗೊತ್ತಾದ ತಕ್ಷಣ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ತುರಿಕೆ ತರುವ ಆ ಬಳ್ಳಿಯ ಎಣ್ಣೆ ಬಟ್ಟೆ, ಚಪ್ಪಲಿ, ಆಟಿಕೆಯ ಮೇಲೆ ಬಹಳ ದಿನ ಉಳಿಯುತ್ತದೆ. ಆ ವರ್ಷ ಮರದ ರಾಜ-ರಾಣಿಯರನ್ನು ಕೈಗವಸು ತೊಟ್ಟು ಒರೆಸಿದೆ. ಕಿತ್ತ ಎಲೆಗಳನ್ನು ಸುಡುವುದಂತೂ ಬೇಡವೇ ಬೇಡ, ಹೊಗೆ ಶ್ವಾಸಕೋಶಕ್ಕೆ ಅಪಾಯ.

ಮಲೆನಾಡಿನ ಮಂಗನ ಕಾಯಿಲೆ ಉಣುಗಿನಿಂದ ಬರುವಂತೆ ಅಲ್ಲಿ ಲೈಮ್ ರೋಗ ಬರುತ್ತದೆ. ಅಕ್ಟೋಬರ್, ನವೆಂಬರಿನಲ್ಲೂ ಆ ಉಣುಗುಗಳು ಚುರುಕಾಗಿರುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದು ಮಕ್ಕಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಸಂದು ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ನೇರ ಮೇಲಕ್ಕೆ ಎಳೆಯಿರಿ. ಬೆಂಕಿಕಡ್ಡಿಯ ವೈದ್ಯ ಬೇಡ. ಜಿಂಕೆ ಬೇಟೆಯ ಕಾಲವೂ ಅದೇ ಆದ್ದರಿಂದ ಎಲ್ಲರೂ ಕಡು ಕಿತ್ತಳೆ ಬಣ್ಣದ ಮೇಲಂಗಿ ಹಾಕಿಕೊಳ್ಳಿ. ಚಿತ್ರಾನ್ನದ ಡಬ್ಬಿ ಒಯ್ಯಿರಿ, ಆದರೆ ಬೇರೆ ಮಕ್ಕಳಿಗೆ ಕೊಡುವ ಮೊದಲು ಕಡಲೆಬೀಜ ಇದೆಯೆಂದು ಅವರ ತಾಯಿಗೆ ಹೇಳಿ. ಅಲರ್ಜಿ ಎಂಬುದು ಅಲ್ಲಿ ಸೊಗಸಿನ ಮಾತಲ್ಲ. ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಊಟ ಮಾಡಿ ಒಂದು ನಿದ್ದೆ ತೆಗೆದು ಹೊರಡುವ ಭಾನುವಾರಗಳನ್ನು ಮೈಸೂರಿನಲ್ಲೇ ಬಿಟ್ಟು ಹೋಗಿ.

ಎಲೆ ಏಕೆ ಕೆಂಪಾಗುತ್ತದೆ ಎಂದು ಮಕ್ಕಳು ಕೇಳೇ ಕೇಳುತ್ತಾರೆ. ಹಳದಿ ಎಲೆಯೊಳಗೆ ಮೊದಲೇ ಇರುತ್ತದೆ, ಹಸಿರು ಕರಗಿದಾಗ ಕಾಣುತ್ತದೆ. ಕೆಂಪನ್ನು ಮರ ಆಗ ಹೊಸದಾಗಿ ತಯಾರಿಸುತ್ತದೆ. ಈ ಉತ್ತರ ನನಗೆ ಹೇಳಿಕೊಟ್ಟವಳು ಮಗಳೇ. ಓಕ್, ಬೀಚ್, ಮೇಪಲ್‌ಗಳನ್ನು ಎಲೆ ನೋಡಿ ಗುರುತಿಸುವ ಹುಡುಗಿ ಫೆಬ್ರುವರಿಯಲ್ಲಿ ನಮ್ಮ ಬೀದಿಯ ಬೋಳು ಹೊಂಗೆಯನ್ನು ನೋಡಿ "ಇದು ಸತ್ತಿದೆಯಾ?" ಎಂದಳು. ಯುಗಾದಿಗೆ ಚಿಗುರುತ್ತದೆ ಎಂದೆ. ನಂಬಲಿಲ್ಲ, ಯುಗಾದಿಗೆ ಅವಳು ಇಲ್ಲಿ ಎಂದೂ ಇದ್ದವಳಲ್ಲ. ಅವಳನ್ನು ದೂರಿ ಏನು ಬಂತು? ಇಪ್ಪತ್ತು ವರ್ಷ ಈ ಊರಲ್ಲಿದ್ದ ನಾನು ಹೊಂಗೆಯ ನೆರಳಲ್ಲಿ ಸ್ಕೂಟರ್ ನಿಲ್ಲಿಸಿದ್ದೇನೆಯೇ ಹೊರತು ತಲೆ ಎತ್ತಿ ನೋಡಿದವಳಲ್ಲ. ನೋಡುವುದನ್ನು ಕಲಿಸಿದ್ದು ಪರದೇಶದ ಕಾಡು.

ಆದ್ದರಿಂದ ಜನವರಿಯಲ್ಲಿ ರಜೆಗೆ ಬಂದರೆ ನೆಂಟರ ಮನೆಗಳ ಪಟ್ಟಿ ಹಿಡಿಯುವ ಮೊದಲು ಒಂದು ಬೆಳಗ್ಗೆ ಮಕ್ಕಳನ್ನು ನಂಜನಗೂಡು ಕಡೆಯ ಹದಿನಾರು ಕೆರೆಗೆ ಕರೆದೊಯ್ಯಿರಿ. ಹಿಮಾಲಯ ದಾಟಿ ಬರುವ ಪಟ್ಟೆ ತಲೆಯ ಹೆಬ್ಬಾತುಗಳು ಚಳಿಗಾಲಕ್ಕೆ ಅಲ್ಲಿ ಇಳಿಯುತ್ತವೆ. ಬೈನಾಕ್ಯುಲರ್ ಒಯ್ಯಿರಿ, ಬೇಗ ಹೊರಡಿ. ಅತ್ತೆ ಮನೆಯವರು ತಿಂಡಿಗೆ ಬರಲಿಲ್ಲವೆಂದು ಮುನಿಸಿಕೊಂಡರೆ ಮಧ್ಯಾಹ್ನದ ಊಟಕ್ಕೆ ಹೋದರಾಯಿತು.