ಇಲಿ ಮರೆತಿತ್ತೋ, ಸುಸ್ತಾಗಿತ್ತೋ?

ಪಿಎಚ್‌ಡಿಯ ಎರಡನೇ ವರ್ಷ ನಾನು ಮಾಡಿದ ಮೊದಲ ಪ್ರಯೋಗವನ್ನು ಪೂರ್ತಿ ಕೈಬಿಡಬೇಕಾಯಿತು. ಉರಿಯೂತ ಬಂದಾಗ ಮಿದುಳು ಹೇಗೆ ಮರೆಯುತ್ತದೆ, ಅರಿಶಿನದ ಕರ್ಕ್ಯುಮಿನ್ ಅದನ್ನು ತಡೆಯುತ್ತದಾ ಅನ್ನೋದು ನನ್ನ ವಿಷಯ. ಅಜ್ಜಿಗೆ ಮೂತ್ರದ ಸೋಂಕಾಗಿ ಜ್ವರ ಬಂದಾಗ ಮೂರು ದಿನ ನನ್ನ ಗುರುತೇ ಸಿಗಲಿಲ್ಲ. ಸೋಂಕು ಇದ್ದದ್ದು ಎಲ್ಲೋ, ಮಂಕಾದದ್ದು ಬುದ್ಧಿ. ಅದಕ್ಕೇ ಈ ವಿಷಯ ಹಿಡಿದೆ.

ಇ. ಕೋಲಿ ಬ್ಯಾಕ್ಟೀರಿಯಾದ ಹೊರಪದರದಲ್ಲಿ ಎಲ್‌ಪಿಎಸ್ ಅನ್ನೋ ವಸ್ತು ಇರುತ್ತದೆ. ಅದನ್ನು ಇಲಿಯ ಹೊಟ್ಟೆಗೆ ಚುಚ್ಚಿದರೂ ಸುದ್ದಿ ಮಿದುಳಿಗೆ ಮುಟ್ಟುತ್ತದೆ, ಅಲ್ಲಿ ಕಾವಲಿರುವ ಮೈಕ್ರೋಗ್ಲಿಯಾ ಕೋಶಗಳು ಕೆರಳುತ್ತವೆ. ಅವು ಸುರಿಸುವ ಐಎಲ್-1 ಬೀಟಾ ಅನ್ನೋ ಉರಿಯೂತದ ಪ್ರೋಟೀನ್ ಜಾಸ್ತಿಯಾದರೆ, ಮಿದುಳಿನ ಹಿಪೊಕ್ಯಾಂಪಸ್ ಅನ್ನೋ ಭಾಗದಲ್ಲಿ ನರಕೋಶಗಳ ನಡುವಿನ ಕೊಂಡಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹೊಸದಾಗಿ ಕಲಿತದ್ದು ನಿಲ್ಲಬೇಕಾದದ್ದು ಅಲ್ಲೇ ಅಲ್ವಾ.

ನೆನಪು ಅಳೆಯಲು ಮಾರಿಸ್ ತೊಟ್ಟಿ ಬಳಸಿದೆ. ಬೆಳ್ಳಗೆ ಮಾಡಿದ ನೀರಿನ ಅಡಿ ಒಂದು ಚಿಕ್ಕ ಕಟ್ಟೆ ಅಡಗಿರುತ್ತದೆ, ಗೋಡೆ ಮೇಲಿನ ಗುರುತು ನೋಡಿಕೊಂಡು ಇಲಿ ಈಜಿ ಅದನ್ನು ಹುಡುಕಬೇಕು. ಎಲ್‌ಪಿಎಸ್ ಕೊಟ್ಟ ಇಲಿಗಳು ತುಂಬಾ ಹೊತ್ತು ತಗೊಂಡವು, ನನಗೆ ಖುಷಿಯೋ ಖುಷಿ. ಆಮೇಲೆ ವಿಡಿಯೋ ಕೂತು ನೋಡಿದರೆ ಅವು ಹುಡುಕುತ್ತಲೇ ಇರಲಿಲ್ಲ, ಜ್ವರ ಬಂದ ಮಗುವಿನ ಹಾಗೆ ಸುಮ್ನೆ ತೇಲುತ್ತಿದ್ದವು. ನಾನು ಅಳೆದದ್ದು ಮರೆವನ್ನಲ್ಲ, ಸುಸ್ತನ್ನು.

ಎರಡನೇ ಸಲ ಡೋಸ್ ಇಳಿಸಿದೆ, ಕಿಲೋ ತೂಕಕ್ಕೆ 250 ಮೈಕ್ರೋಗ್ರಾಂ, 7 ದಿನ. ದಿನಾ ತೂಕ ನೋಡಿದೆ, ತೂಕ ಮರಳಿದ ಮೇಲಷ್ಟೇ ತೊಟ್ಟಿಗೆ ಬಿಟ್ಟೆ. ಹೊತ್ತಿನ ಬದಲು ಈಜಿದ ದೂರ, ಜೊತೆಗೆ ವೇಗ ಅಳೆದೆ. ಕಟ್ಟೆ ಕಣ್ಣಿಗೆ ಕಾಣುವಂತೆ ಇಟ್ಟೂ ಒಂದು ಸುತ್ತು ಮಾಡಿದೆ, ಅಲ್ಲಿ ಎಲ್ಲ ಇಲಿಗಳೂ ಒಂದೇ ಸಮ. ಕಟ್ಟೆ ಅಡಗಿಸಿದಾಗ ಮಾತ್ರ ವ್ಯತ್ಯಾಸ ಉಳಿಯಿತು. ಇದು ನೆನಪಿನದೇ ತೊಂದರೆ ಅಂತ ಆಗ ಧೈರ್ಯವಾಗಿ ಹೇಳಬಹುದಾಯಿತು.

ಎಲ್‌ಪಿಎಸ್ ಜೊತೆ ಕರ್ಕ್ಯುಮಿನ್ ಕೂಡ ಕೊಟ್ಟ ಇಲಿಗಳು ಸ್ವಲ್ಪ ವಾಸಿ ಇದ್ದವು. ಸ್ವಲ್ಪವೇ. ಅದು ನೀರಿನಲ್ಲಿ ಕರಗುವುದಿಲ್ಲ, ರಕ್ತಕ್ಕೆ ಸೇರುವುದೂ ಬಹಳ ಕಡಿಮೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರಲ್ಲಿ ಅದು ದೇಹಕ್ಕೆ ಸೇರುವುದು ಶೇ 2000ರಷ್ಟು ಏರಿತ್ತು. ಆದರೂ ಅಲ್ಜೈಮರ್ ರೋಗಿಗಳಿಗೆ ಬರೀ ಕರ್ಕ್ಯುಮಿನ್ ಅನ್ನು 24 ವಾರ ಕೊಟ್ಟು ನೋಡಿದ ಒಂದು ಪ್ರಯೋಗದಲ್ಲಿ ಗುಣ ಕಾಣಲಿಲ್ಲ. ಮಾತ್ರೆ ತಗೊಳ್ಳಲಾ ಅಂತ ನೆಂಟರು ಕೇಳಿದಾಗ ನಾನು ಇದನ್ನೇ ಹೇಳುತ್ತೇನೆ, ರಕ್ತ ತೆಳುವಾಗಿಸುವ ಔಷಧಿ ತಗೊಳ್ಳುವವರಿಗೆ ಮೊದಲು ಡಾಕ್ಟರನ್ನು ಕೇಳಿ ಅಂತಲೂ.

ನನ್ನ ಇಲಿಗಳೆಲ್ಲ 3 ತಿಂಗಳ ಎಳೆಯವು. ಮುದಿ ಇಲಿಯ ಮೈಕ್ರೋಗ್ಲಿಯಾ ಮೊದಲೇ ಅರ್ಧ ಕೆರಳಿರುತ್ತವೆ, ಅಷ್ಟೇ ಎಲ್‌ಪಿಎಸ್‌ಗೆ ಹೆಚ್ಚು ಉರಿಯುತ್ತವೆ, ಆರುವುದೂ ನಿಧಾನ. ಅಜ್ಜಿಯ ತಲೆಯಲ್ಲಿ ಆದದ್ದು ಹೆಚ್ಚಾಗಿ ಅದೇ ಇರಬೇಕು. 20 ತಿಂಗಳ ಇಲಿಗಳ ತಂಡ ಈಗ ಬಂದಿದೆ, ಬೋನುಗಳಿಗೆ ನಂಬರ್ ಹಾಕುತ್ತಿದ್ದೇನೆ.