ಮಗನ ವರದಿಯಲ್ಲಿ ಏನಿದೆ ಎಂದು ತಿಳಿದುಕೊಂಡ ಬಗೆ

ಮಗ ಬಾಲಮಂದಿರದಲ್ಲಿ. ಅವನ ಬಗ್ಗೆ ಬರೆದ ವರದಿ ಕೇಳಿದರೆ 'ಗೌಪ್ಯ, ಕೊಡಲಿಕ್ಕಾಗುವುದಿಲ್ಲ' ಎಂಬ ಒಂದೇ ಉತ್ತರ. ದಾರಿ ಸಿಕ್ಕಿದ್ದು ಮಂಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

2015ರ ಬಾಲನ್ಯಾಯ ಕಾಯ್ದೆಯ 99ನೇ ಕಲಂ ವರದಿ ಗೌಪ್ಯ ಎನ್ನುವುದು ನಿಜ. ಆದರೆ ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಗೆ ಸರಿ ಕಂಡರೆ ಅದರ ಸಾರಾಂಶವನ್ನು ಹೆತ್ತವರಿಗೆ ತಿಳಿಸಬಹುದು, ಸಾಕ್ಷ್ಯ ಒದಗಿಸಲು ಅವಕಾಶವನ್ನೂ ಕೊಡಬಹುದು ಎಂದು ಅದೇ ಕಲಂ ಹೇಳುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲವಲ್ಲ, ಅದೇ ಸಂಕಟ.

ಹಾಗಾಗಿ ಆ ಕಲಂ ನಮೂದಿಸಿ ಸಾರಾಂಶ ಕೇಳಿದೆವು. ಮಗನನ್ನು ಬಾಲಮಂದಿರದಲ್ಲಿರಿಸಿದ ಸಮಿತಿಯ ಆದೇಶದ ದೃಢೀಕೃತ ಪ್ರತಿಗೆ ಬೇರೆಯೇ ಅರ್ಜಿ, ಎರಡಕ್ಕೂ ಸೀಲು ಹಾಕಿಸಿದ ಸ್ವೀಕೃತಿ. ಮೇಲ್ಮನವಿಗೆ ಆದೇಶದ ದಿನದಿಂದ 30 ದಿನ, ತಡಮಾಡಬೇಡಿ.

ಸಾರಾಂಶದಲ್ಲಿ 'ಮನೆಯಲ್ಲಿ ನೋಡಿಕೊಳ್ಳುವವರಿಲ್ಲ' ಎಂದಿತ್ತು. ನನ್ನ ಅಮ್ಮ ನಮ್ಮೊಟ್ಟಿಗೇ ಇರುವುದು! ರೇಷನ್ ಕಾರ್ಡ್ ಸಹಿತ ಅಮ್ಮನನ್ನೇ ಸಮಿತಿಯ ಮುಂದೆ ಕರೆದುಕೊಂಡು ಹೋದೆ. ಮನೆಯ ಪರಿಶೀಲನೆ ಮತ್ತೆ ಆಗಬೇಕೆಂದು ಆದೇಶವಾಯಿತು.