ತೋಟ ಇರೋನಿಗೆ ವಾಕಿಂಗ್ ಯಾಕೆ ಅಂತಿದ್ದೆ (ನನ್ನ ಅನುಭವ)

ನಮ್ಮ ಕಡೆ ಯಾರಿಗಾದ್ರೂ ವಾಕಿಂಗ್ ಹೋಗಿ ಅಂದ್ರೆ ನಗ್ತಾರೆ, ತೋಟ ಇರೋನಿಗೆ ಅದೆಲ್ಲ ಯಾಕೆ ಮಾರಾಯ ಅಂತ. ನಾನೂ ಹಾಗೇ ಅಂತಿದ್ದವ್ನೇ. ಕೊಡಗಿನ ಸಿದ್ದಾಪುರದ ಹತ್ರ ಸ್ವಲ್ಪ ರೋಬಸ್ಟಾ ಕಾಫಿ ತೋಟ ಇದೆ, ದಿನಾ ತೋಟ ಸುತ್ತೋನು ಅಂತ ಜಂಬ ಬೇರೆ. ನಿಜ ಹೇಳ್ಬೇಕಂದ್ರೆ ಸುತ್ತುತ್ತಿದ್ದದ್ದು ಜೀಪು, ಬಗ್ಗಿ ಏಳ್ತಿದ್ದದ್ದು ಕೆಲಸದವ್ರು, ನಾನು ಜೀಪು ನಿಲ್ಸಿ ಕೂತಲ್ಲಿಂದ್ಲೇ ಕೂಗ್ತಿದ್ದೆ ಅಷ್ಟೆ.

ಎರಡು ವರ್ಷದ ಹಿಂದೆ ಸುಮ್ನೆ ರಕ್ತ ಟೆಸ್ಟ್ ಮಾಡ್ಸಿದ್ರೆ ಖಾಲಿ ಹೊಟ್ಟೆ ಶುಗರ್ 118, ಮೂರು ತಿಂಗಳ ಲೆಕ್ಕ ಹೇಳೋ ಎಚ್‌ಬಿಎ1ಸಿ 6.2. ಡಾಕ್ಟ್ರು ಹೇಳಿದ್ದು, 6.5 ಆದ್ರೆ ಸಕ್ಕರೆ ಕಾಯಿಲೆ ಅಂತ್ಲೇ ಲೆಕ್ಕ, ನೀವು ಬಾಗ್ಲಲ್ಲಿ ನಿಂತಿದೀರಿ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೀರಿ, ಒಂದೇ ದಿನ ಅಲ್ಲ, ಎರಡು ದಿನಕ್ಕಿಂತ ಜಾಸ್ತಿ ಗ್ಯಾಪ್ ಬಿಡ್ಬೇಡಿ. ಬಿರುಸು ಅಂದ್ರೆ ಎಷ್ಟು ಅಂದಿದ್ದಕ್ಕೆ, ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು ಅಂದ್ರು.

ನಾನು ಮಾಡಿದ್ದೇನು? 1997ರಲ್ಲಿ ನಮ್ಮ ಕೊಡಗಿನ ಕರಡದಲ್ಲಿ ಕೊಡವ ಮನೆತನಗಳ ನಡುವಿನ ಹಾಕಿ ಟೂರ್ನಿ ಶುರುವಾದಾಗ ಕಾಲೇಜು ಹುಡುಗ ನಾನು, ಆಮೇಲೆ ಕೆಲವು ವರ್ಷ ಮನೆತನದ ಟೀಮಲ್ಲಿ ಬ್ಯಾಕ್ ಆಡಿದ್ದೆ, ಆ ಕೊಬ್ಬು ಇನ್ನೂ ತಲೇಲಿತ್ತು. ಮೊದಲನೇ ಭಾನುವಾರವೇ ಫ್ರೆಂಡ್ಸ್ ಜೊತೆ ತಡಿಯಂಡಮೋಳ್ ಹತ್ತೋಕೆ ಹೋದೆ. 1748 ಮೀಟರ್ ಬೆಟ್ಟ, ಹತ್ತಿದ್ದೇನೋ ಹತ್ತಿದೆ, ಇಳಿಯುವಾಗ ಮೊಣಕಾಲು ಹೋಯ್ತು. ಬೆಟ್ಟದ ಬುಡದ ನಾಲ್ಕುನಾಡು ಅರಮನೆ ಹತ್ರ ಬರೋಷ್ಟ್ರಲ್ಲಿ ಕೋಲು ಊರ್ಕೊಂಡು ಬರ್ತಿದ್ದೆ, ಹದಿನೈದು ದಿನ ಮನೇಲಿ ಕೂತೆ.

ಆಮೇಲೆ ಬುದ್ಧಿ ಬಂದು ಹತ್ತು ಹತ್ತು ನಿಮಿಷದಿಂದ ಶುರು ಮಾಡ್ದೆ. ಆದ್ರೆ ನಮ್ಮಲ್ಲಿ ಐದು ಗಂಟೆಗೆ ಎದ್ದು ಹೊರಡೋ ಹಾಗಿಲ್ಲ, ಆನೆ ಯಾವ ಕಾಫಿ ಗಿಡದ ಹಿಂದೆ ನಿಂತಿರತ್ತೋ ಯಾರಿಗ್ಗೊತ್ತು. ಚೆನ್ನಾಗಿ ಬೆಳಕಾದ್ಮೇಲೆ ಕಾಫಿ ಒಣಗಿಸೋ ಕಣದಲ್ಲೇ ಸುತ್ತು ಹೊಡೀತಿದ್ದೆ. ಜೂನ್ ಬಂತು, ಮಳೆ ಹಿಡೀತು, ಕಣ ಪೂರ್ತಿ ಪಾಚಿ, ಒಂದಿನ ಜಾರಿ ಬಿದ್ದು ಸೊಂಟ ನೋವು ಮಾಡ್ಕೊಂಡೆ, ರಸ್ತೇಲಿ ಹೋದ್ರೆ ಜಿಗಣೆ.

ಉಳಿದದ್ದು ಗೋಡೌನ್. ಕಾಫಿ ಎಲ್ಲ ಮಾರಾಗಿ ಖಾಲಿ ಇತ್ತು, ಗೋಡೆ ಪಕ್ಕ ಒಂದು ಸುತ್ತಿಗೆ ಅರವತ್ತು ಹೆಜ್ಜೆ. ಸುತ್ತು ಎಣಿಸುವಾಗ ತಪ್ಪೋದು, ಅದಕ್ಕೆ ಎಡಗಡೆ ಜೇಬಲ್ಲಿ ಐವತ್ತು ಕಾಫಿ ಬೀಜ ಹಾಕ್ಕೊಂಡೆ, ಒಂದು ಸುತ್ತು ಆದ್ರೆ ಒಂದು ಬೀಜ ಬಲಗಡೆ ಜೇಬಿಗೆ. ಎಡ ಜೇಬು ಖಾಲಿ ಆಗೋಷ್ಟ್ರಲ್ಲಿ ಅರ್ಧ ಗಂಟೆ. ಹೊರಗೆ ತಗಡಿನ ಮೇಲೆ ಮಳೆ ಹೊಡೀತಿರತ್ತೆ, ಒಳಗೆ ನಾನು ಗಾಣದ ಎತ್ತಿನ ಹಾಗೆ, ನಾಯಿ ಮೊದಲೆರಡು ದಿನ ಹಿಂದೆ ಬಂದು ಆಮೇಲೆ ಬಾಗ್ಲಲ್ಲೇ ಮಲಗಿ ನೋಡೋಕೆ ಶುರು ಮಾಡ್ತು.

ನಡೆದ್ರೆ ಶುಗರ್ ಯಾಕೆ ಇಳಿಯತ್ತೆ ಅಂತ ಕೇಳಿದ್ದೆ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್‌ಗೆ ಕಾಯದೇ ರಕ್ತದಿಂದ ಸಕ್ಕರೆ ಎಳ್ಕೊಳ್ಳತ್ತಂತೆ, ಆಮೇಲೂ ಒಂದು ದಿನದ ಮಟ್ಟಿಗೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತ್ತಂತೆ, ಗ್ಯಾಪ್ ಬೇಡ ಅಂದಿದ್ದು ಅದಕ್ಕೇ. ಊಟ ಆದ್ಮೇಲೆ ಹತ್ತು ನಿಮಿಷ ಜಗಲೀಲಿ ಓಡಾಡೋದೂ ಸೇರಿಸ್ಕೊಂಡೆ. ವಾರಕ್ಕೆರಡು ಸಲ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಇದ್ರಿಂದ ಮೊಣಕಾಲು ಸರಿ ಹೋಗಿದ್ದು ಅಂತ ನನ್ನ ನಂಬಿಕೆ.

ಒಂಬತ್ತು ತಿಂಗಳಿಗೆ ಎಚ್‌ಬಿಎ1ಸಿ 5.8. ತೂಕ ಇಳಿದಿದ್ದು ಮೂರೇ ಕೆಜಿ, ಪಂದಿ ಕರಿ (ಹಂದಿ ಸಾರು) ಬಿಟ್ಟಿಲ್ಲ ನೋಡಿ, ಕಡುಬು ಮಾತ್ರ ಕಮ್ಮಿ. ನಿದ್ದೆ ಅಂತೂ ತಿಂಗಳೊಳಗೇ ಸರಿಯಾಯ್ತು.

ಈಗ ಮನೇಲಿ ಬೈಗುಳ ಒಂದೇ ವಿಷಯಕ್ಕೆ. ಜೇಬು ನೋಡ್ದೇ ಪ್ಯಾಂಟ್ ಒಗೆಯೋಕೆ ಹಾಕ್ತೀನಿ, ವಾಷಿಂಗ್ ಮಷೀನ್ ಒಳಗೆ ಕಾಫಿ ಬೀಜ ಕಟಕಟ ಅಂತಿರತ್ತೆ.